ಕರ್ಣನ ಮಾತು, ಒಂಬತ್ತನೇ ಕ್ಲಾಸಿನ ಬಾಯಲ್ಲಿ

ಹದಿನಾಲ್ಕು ಹದಿನೈದು ವರ್ಷದ ಮಕ್ಕಳನ್ನ ಎದುರಿಗೆ ಕೂರ್ಸ್ಕೊಂಡು "ಏನಪ್ಪಾ ನಿನ್ನ ಪ್ರಾಬ್ಲಮ್ಮು, ಹೇಳು" ಅಂದ್ರೆ ಯಾವ ಊರಲ್ಲಾದ್ರೂ ಬರೋ ಉತ್ತರ ಒಂದೇ, "ಏನಿಲ್ಲ ಮಿಸ್". ಅದು ಸುಳ್ಳೂ ಅಲ್ಲ, ಹಠಾನೂ ಅಲ್ಲ. ಆ ಮಗುಗೆ ನಿಜವಾಗ್ಲೂ ಹೇಳೋಕೆ ಏನೂ ಸಿಕ್ಕಿರಲ್ಲ. ಒಳಗೆ ಏನೋ ಸರಿ ಇಲ್ಲ, ಈ ಕ್ಲಾಸಲ್ಲಿ ನಾನು ಯಾರಿಗೂ ಸೇರಿದವನಲ್ಲ, ಮನೇಲೂ ಒಂಥರಾ ನೆಂಟರ ಹಾಗೆ ಇದೀನಿ ಅನ್ನೋದು ಹೊಟ್ಟೆಗೆ ಗೊತ್ತಿರತ್ತೆ ಬಾಯಿಗೆ ಗೊತ್ತಿರಲ್ಲ. ಅದಕ್ಕೇ ನೇರ ಪ್ರಶ್ನೆ ಕೇಳೋ ಕೌನ್ಸೆಲಿಂಗ್ ಈ ವಯಸ್ಸಲ್ಲಿ ಎಷ್ಟೋ ಸಲ ಎರಡು ಕುರ್ಚಿ ಮತ್ತೆ ಒಂದು ಉದ್ದನೆ ಮೌನದಲ್ಲೇ ಮುಗ್ದುಹೋಗತ್ತೆ.

ನಾನು ಬೆಂಗಳೂರಿನ ಹೊರವಲಯದ ಕೆಲವು ಸರ್ಕಾರಿ ಹೈಸ್ಕೂಲುಗಳಿಗೆ ಹೋಗಿ ಎಂಟು ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಕೆಲ್ಸ ಮಾಡ್ತೀನಿ, ಚಿತ್ರ, ನಾಟಕ, ಬರವಣಿಗೆ ಇಟ್ಕೊಂಡು ಮಾಡೋ ಕೌನ್ಸೆಲಿಂಗು. ಇಲ್ಲಿ ಹೇಳೋ ಮಕ್ಕಳ ಗುರುತು ಸಿಗದ ಹಾಗೆ ವಿವರಗಳನ್ನ ಬದಲಾಯಿಸಿದೀನಿ. ಇದನ್ನ ಬರೀತಿರೋದು ಯಾಕಂದ್ರೆ ಇತ್ತೀಚೆಗೆ ಬಹಳ ಜನ ಟೀಚರ್‌ಗಳು, ಅಪ್ಪ ಅಮ್ಮಂದಿರು, "ಈ ಡ್ರಾಯಿಂಗು ಡ್ರಾಮಾ ಎಲ್ಲ ಟೈಮ್‌ಪಾಸ್ ಅಲ್ವಾ ಮೇಡಂ, ಅದ್ರಿಂದ ಮಕ್ಕಳಿಗೆ ಏನಾಗತ್ತೆ" ಅಂತ ಕೇಳ್ತಾರೆ, ಕಾಳಜಿಯಿಂದಾನೇ ಕೇಳ್ತಾರೆ, ಅದಕ್ಕೆ ಕಾರಿಡಾರಲ್ಲಿ ನಿಂತು ಎರಡು ಮಾತಲ್ಲಿ ಉತ್ತರ ಕೊಡೋಕೆ ಆಗಲ್ಲ.

ನಮ್ಮ ಶಾಲೆಗಳಲ್ಲಿರೋ ಮಕ್ಕಳು ಯಾರು ಅಂತ ಮೊದ್ಲು ಹೇಳ್ಬೇಕು. ಅಪಾರ್ಟ್‌ಮೆಂಟ್ ಕಟ್ಟೋಕೆ ಅಂತ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದು ಶೆಡ್ಡಲ್ಲಿರೋರ ಮಕ್ಕಳು. ಸೆಕ್ಯುರಿಟಿ ಕೆಲ್ಸಕ್ಕೆ ಬಂದ ನೇಪಾಳಿ ಕುಟುಂಬದ ಮಕ್ಕಳು. ತಮಿಳು, ತೆಲುಗು, ಉರ್ದು ಮನೆಮಾತಿನ, ಆದ್ರೆ ಹುಟ್ಟಿದ್ದೇ ಇಲ್ಲಿ ಅನ್ನೋ ಮಕ್ಕಳು. ಮತ್ತೆ ಅದೇ ಹಳ್ಳಿಯ ಮೂಲ ನಿವಾಸಿಗಳ ಮಕ್ಕಳು, ಅವರ ಹಳ್ಳಿನೇ ಈಗ ಲೇಔಟ್ ಆಗಿ ಕೆರೆ ಹೋಗಿ ಅಜ್ಜನ ಹೊಲದ ಮೇಲೆ ಟವರ್ ಎದ್ದಿದೆ, ಹಾಗಾಗಿ ಇದ್ದ ಊರಲ್ಲೇ ಇದ್ದೂ ಊರು ಕಳ್ಕೊಂಡೋರು. ಇವರೆಲ್ಲ ಒಂದೇ ಬೆಂಚಲ್ಲಿ ಕೂರ್ತಾರೆ. "ನಿಮ್ಮೂರು ಯಾವ್ದು" ಅನ್ನೋದು ನಮಗೆಲ್ಲ ಮಾತು ಶುರು ಮಾಡೋ ಪ್ರಶ್ನೆ, ಇವರಿಗೆ ಅದು ಪರೀಕ್ಷೆಯ ಪ್ರಶ್ನೆ.

ಯಾದಗಿರಿ ಕಡೆಯ ಒಬ್ಬ ಹುಡುಗ ಇದ್ದ. ಕ್ಲಾಸಲ್ಲಿ ಅವನು "ಬರ್ಲತ್ತೀನ್ರಿ" ಅಂದ ತಕ್ಷಣ ಹಿಂದಿನ ಬೆಂಚಿಂದ ಅದೇ ರಾಗದಲ್ಲಿ ವಾಪಸ್ ಬರೋದು, ಎಲ್ಲ ನಗೋರು, ಕೆಲವು ಸಲ ಟೀಚರೂ ಮುಗುಳ್ನಗೋರು. ಅವನು ಪಾಪ ಒಂದು ವರ್ಷ ಕಷ್ಟಪಟ್ಟು ಬೆಂಗಳೂರು ಕನ್ನಡ ಕಲ್ತ, ರಜೆಗೆ ಊರಿಗೆ ಹೋದ್ರೆ ಅಲ್ಲಿ ಚಿಕ್ಕಪ್ಪನ ಮಕ್ಕಳು "ನೋಡ್ರಿ, ಬೆಂಗಳೂರ ಮಂದಿ ಬಂದಾರ" ಅಂತ ನಕ್ರು. ಇಲ್ಲಿ ಅಲ್ಲಿನೋನು, ಅಲ್ಲಿ ಇಲ್ಲಿನೋನು. ಆಮೇಲಿಂದ ಅವನು ಎರಡೂ ಕಡೆ ಮಾತೇ ಕಮ್ಮಿ ಮಾಡ್ಬಿಟ್ಟ. ಸ್ಟಾಫ್ ರೂಮಲ್ಲಿ ಅವನ ಹೆಸರು "ಸೈಲೆಂಟ್ ಹುಡ್ಗ, ತೊಂದ್ರೆ ಇಲ್ಲ" ಅಂತ. ತೊಂದ್ರೆ ಕೊಡದ ಮಗು ಅಂದ್ರೆ ತೊಂದ್ರೆ ಇಲ್ಲದ ಮಗು ಅಂತ ನಾವು ಎಷ್ಟು ಸುಲಭವಾಗಿ ತಿಳ್ಕೊಂಡುಬಿಡ್ತೀವಿ.

ಈ ಅಲ್ಲಿಯೂ ಇಲ್ಲಿಯೂ ಅಲ್ಲದ ಸ್ಥಿತಿ ಬಗ್ಗೆ ಓದುವಾಗ ನನಗೆ ಯಾವಾಗ್ಲೂ ನೆನಪಾಗೋದು ಎರಿಕ್ ಎರಿಕ್ಸನ್. ಹದಿಹರೆಯದ "ನಾನು ಯಾರು" ಅನ್ನೋ ಬಿಕ್ಕಟ್ಟನ್ನ ಮನಃಶಾಸ್ತ್ರದಲ್ಲಿ ಮುಖ್ಯ ವಿಷಯ ಮಾಡಿದ್ದೇ ಅವರು, ಮನುಷ್ಯನ ಬದುಕಿನ ಎಂಟು ಹಂತಗಳಲ್ಲಿ ಐದನೇದು ಇದು ಅಂದ್ರು. ಅವರ ಬಾಲ್ಯ ನೋಡಿ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, ಹೆತ್ತ ತಂದೆ ಯಾರು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ, ಮಲತಂದೆ ಯಹೂದಿ ಡಾಕ್ಟರು, ಆದ್ರೆ ಹುಡುಗ ಎತ್ತರಕ್ಕೆ, ನೀಲಿ ಕಣ್ಣು, ಹೊಂಬಣ್ಣದ ಕೂದಲು. ಯಹೂದಿ ಮಕ್ಕಳ ನಡುವೆ "ನೀನು ನಮ್ಮವನಲ್ಲ" ಅಂತ, ಜರ್ಮನ್ ಸ್ಕೂಲಲ್ಲಿ "ನೀನು ಯಹೂದಿ" ಅಂತ. ಮುಂದೆ 1939ರಲ್ಲಿ ಅಮೆರಿಕದ ಪೌರತ್ವ ತಗೊಳ್ಳುವಾಗ ಎರಿಕ್ಸನ್ ಅನ್ನೋ ಹೆಸರು ತಾವೇ ಇಟ್ಕೊಂಡ್ರು. ಇನ್ನೊಂದು ವಿಷಯ, ಅದನ್ನ ಬಹಳ ಜನ ಹೇಳಲ್ಲ, ಅವರು ಮೊದ್ಲು ಡಾಕ್ಟರೂ ಅಲ್ಲ ಪ್ರೊಫೆಸರೂ ಅಲ್ಲ, ಊರೂರು ಸುತ್ತಿದ ಚಿತ್ರಕಾರ, ವಿಯೆನ್ನಾದಲ್ಲಿ ಒಂದು ಪುಟ್ಟ ಶಾಲೇಲಿ ಮಕ್ಕಳಿಗೆ ಕಲೆ ಹೇಳ್ಕೊಡ್ತಾ ಇದ್ದಾಗ್ಲೇ ಸಿಗ್ಮಂಡ್ ಫ್ರಾಯ್ಡ್ ಮಗಳು, ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಅವರ ಪರಿಚಯ ಆಗಿ ಈ ಕಡೆ ಬಂದಿದ್ದು. ಹಾಗಾಗಿ ಚಿತ್ರ ನಾಟಕ ಅನ್ನೋದು ಈ ಕ್ಷೇತ್ರಕ್ಕೆ ಆಮೇಲೆ ಅಂಟಿಸಿದ ಬಣ್ಣದ ಕಾಗದ ಏನಲ್ಲ.

ಎರಿಕ್ಸನ್ ಹೇಳಿದ್ದರಲ್ಲಿ ನನಗೆ ಅತಿ ಮುಖ್ಯ ಅನ್ಸೋದು, ಈ ವಯಸ್ಸಿಗೆ ಒಂದು ವಿರಾಮ ಬೇಕು ಅನ್ನೋದು. ಬೇರೆ ಬೇರೆ ಪಾತ್ರಗಳನ್ನ ಹಾಕ್ಕೊಂಡು ನೋಡಿ, ಬಿಚ್ಚಿಟ್ಟು, ಇನ್ನೊಂದು ಹಾಕ್ಕೊಂಡು ನೋಡೋಕೆ ಸಮಾಜ ಕೊಡೋ ಸಮಯ. ಜೇಮ್ಸ್ ಮಾರ್ಸಿಯಾ ಅನ್ನೋ ಮನಃಶಾಸ್ತ್ರಜ್ಞ 1966ರಲ್ಲಿ ಇದನ್ನೇ ಮುಂದುವರ್ಸಿ, ಹುಡುಕಾಟನೇ ಮಾಡ್ದೆ ಯಾರೋ ಕೊಟ್ಟ ಗುರುತಿಗೆ ಒಪ್ಕೊಂಡು ಕೂತುಬಿಡೋ ಒಂದು ಸ್ಥಿತಿ ಇದೆ ಅಂತ ಹೇಳಿದ್ರು. ನಮ್ಮಲ್ಲಿ ಅದು ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಆಗತ್ತೆ. ಇಷ್ಟು ಪರ್ಸೆಂಟ್ ಬಂತು ಅಂದ್ರೆ ಪಿಸಿಎಂಬಿ, ಇಷ್ಟು ಬಂದ್ರೆ ಕಾಮರ್ಸು, ಅದಕ್ಕಿಂತ ಕಮ್ಮಿ ಆದ್ರೆ ಹುಡುಗನಿಗೆ ಐಟಿಐ, ಹುಡುಗಿಗೆ ಗಂಡು ನೋಡೋಕೆ ಶುರು. ವಿರಾಮ ಎಲ್ಲಿದೆ ಇದ್ರಲ್ಲಿ? ಪಾತ್ರ ಹಾಕಿ ನೋಡೋಕೆ ಜೀವನ ಜಾಗ ಕೊಡದೆ ಇದ್ರೆ ನಾವಾದ್ರೂ ವಾರಕ್ಕೊಂದು ಪೀರಿಯಡ್ ಜಾಗ ಮಾಡ್ಕೊಡೋಣ, ನನ್ನ ಕೆಲ್ಸ ಅಷ್ಟೇ.

ಮೊದಲು ಮಾಡ್ಸೋದು ಮರ. ಬದುಕಿನ ಮರ ಅಂತ, ಜಿಂಬಾಬ್ವೆಯ ಎನ್‌ಕಜೆಲೊ ಎನ್‌ಕೂಬೆ ಅನ್ನೋ ಮನಃಶಾಸ್ತ್ರಜ್ಞೆ ಮತ್ತು ಆಸ್ಟ್ರೇಲಿಯಾದ ಡೇವಿಡ್ ಡೆನ್‌ಬರೋ ಸೇರಿ ರೂಪಿಸಿದ್ದು, ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಎಚ್‌ಐವಿಯಿಂದ ಅಪ್ಪ ಅಮ್ಮನ್ನ ಕಳ್ಕೊಂಡ ಮಕ್ಕಳಿಗೋಸ್ಕರ. ಆ ಮಕ್ಕಳನ್ನ ನೇರವಾಗಿ ಸಾವಿನ ಬಗ್ಗೆ ಕೇಳಿದ್ರೆ ಮತ್ತೆ ಅದೇ ನೋವಲ್ಲಿ ಮುಳುಗ್ತಾರೆ, ಅದಕ್ಕೆ ಮೊದ್ಲು ನಿಲ್ಲೋಕೆ ಒಂದು ನೆಲ ಮಾಡ್ಕೊಟ್ಟು ಆಮೇಲೆ ಬಿರುಗಾಳಿ ಬಗ್ಗೆ ಮಾತಾಡೋಣ ಅನ್ನೋದು ಇದರ ಹಿಂದಿನ ವಿಚಾರ. ಬೇರು ಅಂದ್ರೆ ಎಲ್ಲಿಂದ ಬಂದೆ, ನೆಲ ಅಂದ್ರೆ ಈಗ ಎಲ್ಲಿದೀಯ, ಕಾಂಡ ಅಂದ್ರೆ ನಿನಗೆ ಏನು ಬರತ್ತೆ, ಕೊಂಬೆ ಅಂದ್ರೆ ಆಸೆಗಳು, ಎಲೆಗಳು ಅಂದ್ರೆ ನಿನಗೆ ಬೇಕಾದೋರು, ಹಣ್ಣು ಅಂದ್ರೆ ಬೇರೆಯವರಿಂದ ಸಿಕ್ಕಿದ್ದು. ಎಲ್ಲರ ಮರಗಳನ್ನೂ ಗೋಡೆಗೆ ಅಂಟಿಸಿದ್ರೆ ಕಾಡು. ಆ ಕಾಡಿನ ಮುಂದೆ ನಿಂತ ಮೇಲೇನೇ ಕೇಳೋದು, ಬಿರುಗಾಳಿ ಬಂದಾಗ ಮರಗಳು ಏನ್ ಮಾಡ್ತಾವೆ ಅಂತ.

ಒಬ್ಬ ನೇಪಾಳಿ ಹುಡುಗಿ, ಕ್ಲಾಸಿಗೇ ಕನ್ನಡದಲ್ಲಿ ಜಾಸ್ತಿ ಮಾರ್ಕ್ಸು ಅವಳದ್ದೇ, ಬೇರು ಬರೆಯೋ ಜಾಗದಲ್ಲಿ ಪೆನ್ಸಿಲ್ ಹಿಡ್ಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ಲು. ಆಮೇಲೆ ನೆಲ ಅಳಿಸಿ ಅಲ್ಲಿ ಒಂದು ಪೇಂಟ್ ಬಕೆಟ್ ಬರೆದ್ಲು. ಅವರ ಮನೆ ಅಂದ್ರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಜನರೇಟರ್ ಪಕ್ಕದ ರೂಮು, ಬಾಗಿಲ ಹತ್ರ ಖಾಲಿ ಪೇಂಟ್ ಬಕೆಟಲ್ಲಿ ಅವರಮ್ಮ ಕರಿಬೇವು ಹಾಕಿದಾರಂತೆ. "ನಮ್ಮನ್ನ ಕೆಲ್ಸದಿಂದ ತೆಗೆದ್ರೆ ಇದನ್ನ ಎತ್ಕೊಂಡು ಹೋಗ್ಬಹುದು ಮಿಸ್" ಅಂದ್ಲು. ಬೇಜಾರಲ್ಲಿ ಹೇಳಿದ್ದಲ್ಲ, ಪ್ಲಾನ್ ವಿವರಿಸೋ ಥರ ಹೇಳಿದ್ದು. ಅವಳ ಪಕ್ಕ ಕೂತಿದ್ದ ಹುಡುಗಿ, ಆ ಹಳ್ಳಿಯ ಗೌಡರ ಮನೆಯವಳು, ಆ ಬಕೆಟ್ಟನ್ನ ನೋಡಿ "ನಮ್ಮಜ್ಜಿ ತುಳಸೀನೂ ಈಗ ಬಕೆಟಲ್ಲೇ ಇರೋದು ಕಣೆ, ಅಂಗಳ ಇಲ್ಲ" ಅಂದ್ಲು. ಇವರಿಬ್ಬರು ಎರಡು ವರ್ಷದಿಂದ ಒಂದೇ ಕ್ಲಾಸು, ಅವತ್ತಿನವರೆಗೂ ಒಬ್ಬರಿಗೊಬ್ಬರು ಏನೂ ಹೇಳ್ಕೊಂಡಿರ್ಲಿಲ್ಲ.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ದಯವಿಟ್ಟು ಮಕ್ಕಳ ಚಿತ್ರ ನೋಡಿ ಭವಿಷ್ಯ ಹೇಳ್ಬೇಡಿ. ಕಪ್ಪು ಬಣ್ಣ ಹಾಕಿದ್ರೆ ಡಿಪ್ರೆಶನ್ನು, ಕೈ ಬರೀದೆ ಇದ್ರೆ ಆತ್ಮವಿಶ್ವಾಸ ಇಲ್ಲ, ಮರದಲ್ಲಿ ಪೊಟರೆ ಇದ್ರೆ ಏನೋ ಆಘಾತ ಆಗಿದೆ ಅಂತ ವಾಟ್ಸಾಪಲ್ಲಿ ಓಡಾಡೋ ಚಾರ್ಟುಗಳನ್ನ ಇಟ್ಕೊಂಡು ಪೇರೆಂಟ್ಸ್ ಮೀಟಿಂಗಲ್ಲಿ ಮಾತಾಡೋರನ್ನ ನೋಡಿದೀನಿ, ನನಗೆ ಸಿಟ್ಟು ಬರತ್ತೆ. ಆ ದಿನ ಬಾಕ್ಸಲ್ಲಿ ಉಳಿದಿದ್ದ ಕ್ರೇಯಾನ್ ಕಪ್ಪು ಒಂದೇ ಇರ್ಬಹುದು. ಬಕೆಟ್ಟಿನ ಅರ್ಥ ಏನು ಅಂತ ನಾನು ಹೇಳೋದಲ್ಲ, ಬರೆದ ಹುಡುಗಿ ಹೇಳ್ಬೇಕು, ಹೇಳೋಕೆ ಇಷ್ಟ ಇಲ್ಲ ಅಂದ್ರೆ ಅದು ಬಕೆಟ್ಟಾಗೇ ಇರ್ಲಿ.

ಈಗ ತಾಳಮದ್ದಳೆ ವಿಷಯಕ್ಕೆ ಬರ್ತೀನಿ, ನಿಜ ಹೇಳ್ಬೇಕಂದ್ರೆ ಈ ಬರಹ ಶುರು ಮಾಡಿದ್ದೇ ಅದಕ್ಕೆ. ನಾನು ಸಾಗರದ ಕಡೆಯವಳು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ದೇವಸ್ಥಾನದಲ್ಲೋ ಯಾರದ್ದೋ ಮನೆ ಜಗಲಿಯಲ್ಲೋ ತಾಳಮದ್ದಳೆ ಆಗ್ತಾ ಇತ್ತು. ಬೆಂಗಳೂರಿನ ಈ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ, ಹಾಗಾಗಿ ಓದೋರಿಗೂ ಸ್ವಲ್ಪ ಹೇಳ್ಬಿಡ್ತೀನಿ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಮದ್ದಳೆ ಚೆಂಡೆ ಇರತ್ತೆ, ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಎದುರಾಬದುರಾ ಕೂತ್ಕೊಂಡು ಪಾತ್ರವಾಗಿ ಮಾತಾಡ್ತಾರೆ. ಪದ್ಯ ಮೊದಲೇ ಬರೆದಿದ್ದು, ಕಥೆ ಎಲ್ಲಿಗೆ ಹೋಗಿ ಮುಟ್ಟಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದ್ರೆ ಮಾತು ಯಾರೂ ಬರೆದು ಕೊಟ್ಟಿರಲ್ಲ. ಅದು ಅರ್ಥಧಾರಿಯದ್ದೇ, ಆ ಕ್ಷಣಕ್ಕೆ ಹುಟ್ಟೋದು. ಸೋಲೋದು ಗ್ಯಾರಂಟಿ ಇರೋ ಪಾತ್ರನೂ ಮಾತಲ್ಲಿ ಗೆಲ್ಲಬಹುದು, ವಾಲಿ ರಾಮನ್ನೇ ಗಂಟೆಗಟ್ಟಲೆ ನಿಲ್ಲಿಸಿ ಪ್ರಶ್ನೆ ಕೇಳಬಹುದು.

ಇದು ಹದಿನಾಲ್ಕು ವರ್ಷದ ಮಗುವಿನ ಬದುಕಿಗೆ ಎಷ್ಟು ಹತ್ತಿರ ಇದೆ ನೋಡಿ. ಹುಟ್ಟಿದ ಮನೆ, ಜಾತಿ, ಮೈಬಣ್ಣ, ಅಪ್ಪನ ಕೆಲ್ಸ, ಮನೆಮಾತು, ಇದ್ಯಾವ್ದನ್ನೂ ಆ ಮಗು ಆರಿಸ್ಕೊಂಡಿಲ್ಲ, ಅದು ಪದ್ಯ. ಅದರ ಬಗ್ಗೆ ನಾನು ಏನು ಹೇಳ್ತೀನಿ ಅನ್ನೋದು ಮಾತ್ರ ನನ್ನದು. ಅದಕ್ಕೇ ನಾನು ಮೊದಲು ಎತ್ಕೊಳ್ಳೋ ಪ್ರಸಂಗ ಕರ್ಣಭೇದನ. ಕೃಷ್ಣ ಬಂದು ಕರ್ಣನಿಗೆ "ನೀನು ಸೂತಪುತ್ರ ಅಲ್ಲ, ಕುಂತಿಯ ಹಿರಿಮಗ, ಪಾಂಡವರ ಅಣ್ಣ, ಬಾ, ರಾಜ್ಯ ನಿನ್ನದು" ಅಂತ ಹೇಳೋ ಸಂದರ್ಭ. ಜೀವಮಾನವಿಡೀ ಕೇಳಿದ ಪ್ರಶ್ನೆಗೆ ಉತ್ತರ ಸಿಗತ್ತೆ, ಆದ್ರೆ ತೀರಾ ತಡವಾಗಿ ಸಿಗತ್ತೆ. ಕರ್ಣ ಹೋಗಲ್ಲ ಅಂತ ಎಲ್ಲರಿಗೂ ಗೊತ್ತು. ಯಾಕೆ ಹೋಗಲ್ಲ ಅಂತ ಹೇಳೋದೇ ಆಟ.

ಚೆಂಡೆ ಎಲ್ಲಿಂದ ತರೋದು, ಒಬ್ಬ ಹುಡುಗ ಡೆಸ್ಕ್ ಬಾರಿಸ್ತಾನೆ. ಪದ್ಯದ ಬದಲು ನಾನೇ ಕಥೆಯನ್ನ ಎರಡು ಸಾಲಲ್ಲಿ ಹೇಳ್ತೀನಿ. ಆ ದಿನ ಕೃಷ್ಣ ಆಗಿದ್ದು ಬಾಯಿ ಜೋರಿರೋ ಒಬ್ಬ ಹುಡುಗಿ, ಚೆನ್ನಾಗಿ ಆಸೆ ತೋರ್ಸಿದ್ಲು, ಅರಮನೆ, ಆನೆ, ಐದು ಜನ ತಮ್ಮಂದಿರು ಕಾಲಿಗೆ ಬೀಳ್ತಾರೆ ಅಂತೆಲ್ಲ. ಕರ್ಣನಾಗಿ ಕೂತಿದ್ದು ನಮ್ಮ ಯಾದಗಿರಿ ಹುಡುಗ. ಚೀಟಿ ಎತ್ತಿದಾಗ ಬಂದ ಪಾತ್ರ, ಬೇಡ ಅಂದ್ರೆ ಬಿಟ್ಬಿಡಬಹುದಿತ್ತು, ಅವನು ಬಿಡ್ಲಿಲ್ಲ. ಸ್ವಲ್ಪ ಹೊತ್ತು ತನ್ನ ಕೈ ನೋಡ್ಕೊಂಡಿದ್ದ. ಆಮೇಲೆ ಒಂದು ವರ್ಷದಿಂದ ಆ ಕ್ಲಾಸಲ್ಲಿ ಯಾರೂ ಕೇಳಿರದ ಅವನ ಮನೆಯ ಕನ್ನಡದಲ್ಲಿ ಶುರು ಮಾಡಿದ. "ಈಗ ಬಂದಿ ಏನು ಕೃಷ್ಣ? ಅವತ್ತ ಎಲ್ಲರೂ ನನ್ನ ನೋಡಿ ನಗ್ಲತ್ತಾಗ ಎಲ್ಲಿದ್ದಿ? ನಮ್ಮವ್ವ ರಾಧವ್ವ. ಅಕಿ ಬಿಸಿಲಾಗ ಇಟ್ಟಂಗಿ ಹೊತ್ತು ನನಗ ರೊಟ್ಟಿ ಹಾಕ್ಯಾಳ. ಅಕಿನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ."

ಮಹಾಭಾರತದ ರಾಧೆ ಇಟ್ಟಿಗೆ ಹೊತ್ತಿದ್ಲಾ ಅಂತ ಯಾರೂ ಕೇಳ್ಲಿಲ್ಲ. ಡೆಸ್ಕ್ ಬಾರಿಸೋ ಹುಡುಗ ಬಾರಿಸೋದು ಮರೆತಿದ್ದ. ಕೃಷ್ಣನ ಹತ್ರ ವಾಪಸ್ ಹೇಳೋಕೆ ಮಾತಿರ್ಲಿಲ್ಲ.

ಇಂಥ ಹೊತ್ತಲ್ಲಿ ಕೌನ್ಸೆಲರ್ ಏನು ಮಾಡಬಾರದು ಅನ್ನೋದು ತುಂಬಾ ಮುಖ್ಯ. "ಓ ನಿಮ್ಮಮ್ಮನ ಬಗ್ಗೆ ಹೇಳ್ತಿದೀಯಾ ಮರಿ" ಅಂತ ಕೇಳಬಾರದು. ಹಾಗೆ ಕೇಳಿದ್ರೆ ಅವನು ಹಾಕ್ಕೊಂಡಿದ್ದ ಕರ್ಣನನ್ನ ಎಲ್ಲರ ಎದುರಿಗೆ ಕಿತ್ತಂತೆ ಆಗತ್ತೆ, ಮತ್ತೆ ಯಾವತ್ತೂ ಅವನು ಬಾಯಿ ಬಿಡಲ್ಲ. ನಾನು ಕೇಳಿದ್ದು ಕರ್ಣನ್ನ, "ಅಂಗರಾಜ, ರಾಧೆ ಬಗ್ಗೆ ಇನ್ನೊಂದು ಮಾತು ಹೇಳ್ತೀಯಾ" ಅಂತ. ಅವನು ಹೇಳಿದ, ಅದನ್ನ ಇಲ್ಲಿ ಬರೆಯಲ್ಲ. ಮುಗಿದ ಮೇಲೆ ಪಾತ್ರದಿಂದ ಹೊರಗೆ ಬರೋ ಒಂದು ಸಣ್ಣ ಕ್ರಮ ಇದೆ, ಎದ್ದು ನಿಂತು ತನ್ನ ಹೆಸರು ಹೇಳಿ, ಮೈ ಕೊಡವಿ, ನೀರು ಕುಡ್ದು ಬೇರೆ ಜಾಗದಲ್ಲಿ ಕೂರೋದು. ಸಣ್ಣದು ಅನ್ಸತ್ತೆ, ಆದ್ರೆ ಅದನ್ನ ಬಿಟ್ರೆ ಮಗು ಆ ಭಾರವನ್ನ ಹೊತ್ಕೊಂಡೇ ಗಣಿತದ ಕ್ಲಾಸಿಗೆ ಹೋಗತ್ತೆ.

ಆಮೇಲೆ ಕ್ಲಾಸಿನ ಸರದಿ, ನನ್ನ ಪ್ರಕಾರ ಇಡೀ ಕೆಲ್ಸದ ಜೀವ ಇರೋದು ಇಲ್ಲಿ. ಸೈಕೋಡ್ರಾಮಾ, ಅಂದ್ರೆ ನಾಟಕ ಆಡಿಸಿ ಮಾಡೋ ಚಿಕಿತ್ಸೆ, ಅದನ್ನ ಶುರು ಮಾಡಿದ ಜೇಕಬ್ ಮೊರೆನೊ ಪದ್ಧತಿಯಲ್ಲಿ ನಾಟಕ ಮುಗಿದ ಮೇಲೆ ಗುಂಪಿನವರು ವಿಮರ್ಶೆ ಮಾಡೋ ಹಾಗಿಲ್ಲ, ಸಲಹೆ ಕೊಡೋ ಹಾಗಿಲ್ಲ, ನೋಡ್ತಾ ನೋಡ್ತಾ ನನ್ನ ಬದುಕಿನ ಏನು ನೆನಪಾಯ್ತು ಅಂತ ಮಾತ್ರ ಹೇಳ್ಬೇಕು. ನಮ್ಮ ಬದುಕಿನ ಕಥೆಯನ್ನ ನಾವೇ ಹೇಳ್ಕೊಳ್ಳೋದನ್ನ ಇಟ್ಕೊಂಡು ಮಾಡೋ ಮೈಕೆಲ್ ವೈಟ್ ಅವರ ಕಥನ ಚಿಕಿತ್ಸೆಯಲ್ಲೂ ಹೆಚ್ಚುಕಮ್ಮಿ ಇದೇ, ಕೇಳಿದೋರು ಯಾವ ಮಾತು ಮನಸ್ಸಿಗೆ ತಾಗಿತು, ಕಣ್ಣ ಮುಂದೆ ಏನು ಬಂತು, ಅದು ನನ್ನ ಬದುಕಲ್ಲಿ ಎಲ್ಲಿ ಮುಟ್ಟಿತು, ಕೇಳಿದ ಮೇಲೆ ನನ್ನಲ್ಲಿ ಏನು ಬದಲಾಯ್ತು ಅಂತ ಹೇಳ್ತಾರೆ. "ಸೂಪರಾಗಿ ಮಾಡ್ದೆ ಮಗಾ" ಅನ್ನೋ ಹೊಗಳಿಕೆಗೂ ಜಾಗ ಇಲ್ಲ. ಅವತ್ತು ಹಿಂದಿನ ಬೆಂಚಿನ ಒಬ್ಬ, ಅಣಕಿಸೋರಲ್ಲಿ ಮುಂದಾಳು, "ನಮ್ಮಪ್ಪ ಆಟೋ ಓಡ್ಸ್ತಾರೆ, ಡ್ರಾಪ್ ಮಾಡೋಕೆ ಬಂದ್ರೆ ಗೇಟಿಗಿಂತ ದೂರ ನಿಲ್ಸಿ ಅಂತೀನಿ" ಅಂದ. ಅಷ್ಟೇ ಹೇಳಿದ್ದು.

ನಾನು ಇಷ್ಟು ಒತ್ತಿ ಹೇಳೋದು ಯಾಕಂದ್ರೆ, ನಾನು ಇಲ್ಲಿಯವನು ಅಂತ ಮಗುವಿಗೆ ಅನ್ನಿಸೋದನ್ನ ಮುಚ್ಚಿದ ರೂಮಲ್ಲಿ ಒಬ್ಬ ಕೌನ್ಸೆಲರ್ ಕೊಡೋಕಾಗಲ್ಲ. ನಾನು ಆ ಹುಡುಗನಿಗೆ "ನಿನ್ನ ಭಾಷೆ ಚಂದ ಕಣೋ, ನಾಚ್ಕೋಬೇಡ" ಅಂತ ಎಷ್ಟು ಸಲ ಹೇಳಿದ್ರೂ ನಾನು ಅವನ ಕ್ಲಾಸಿನವಳಲ್ಲ. ನಕ್ಕಿದ್ದು ಯಾರೋ ಅವರೇ ಕೇಳಬೇಕು. ಒಂದು ಮಗು ಒಂಟಿ ಆಗಿದೆ ಅಂದ್ರೆ ಆ ಮಗುವಿನ ಒಳಗೆ ಮಾತ್ರ ರಿಪೇರಿ ಮಾಡೋಕೆ ಹೋಗ್ತೀವಿ ನಾವು, ಒಂಟಿ ಮಾಡಿದ ತರಗತಿ ಹಾಗೇ ಇರತ್ತೆ. ಆ ಹುಡುಗ ಆಮೇಲೆ ಭಾಷಣಕಾರ ಏನೂ ಆಗ್ಲಿಲ್ಲ, ಈಗ್ಲೂ ಮಾತು ಕಮ್ಮಿ, ಎರಡೂ ಕನ್ನಡ ಬೇಕಾದ ಹಾಗೆ ಬಳಸ್ತಾನೆ, ಊಟಕ್ಕೆ ಕೂರೋಕೆ ಒಂದು ಗುಂಪಿದೆ. ನನಗೆ ಅಷ್ಟು ಸಾಕು.

ಕಾಯಿಲೆ ಮತ್ತು ಈ ಒಂಟಿತನ ಎರಡನ್ನೂ ಬೆರೆಸಬಾರದು ಅನ್ನೋದನ್ನೂ ಹೇಳ್ತೀನಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಜನಕ್ಕೆ ಮಾನಸಿಕ ಕಾಯಿಲೆ ಇದೆ ಅಂತ ಬಂತು, ಅವರಿಗೆ ಚಿಕಿತ್ಸೆನೇ ಬೇಕು, ಮರ ಬರೆಸಿ ಕಳಿಸಿದ್ರೆ ಅದು ಅನ್ಯಾಯ. ಮಗು ಮೈಗೆ ಗಾಯ ಮಾಡ್ಕೊಳ್ತಾ ಇದ್ರೆ, ಸಾಯೋ ಮಾತಾಡಿದ್ರೆ, ಇದ್ದಕ್ಕಿದ್ದಂಗೆ ಊಟ ನಿದ್ದೆ ಗೆಳೆಯರು ಎಲ್ಲ ಬಿಟ್ರೆ ನಾಟಕ ಅಲ್ಲಿಗೆ ನಿಲ್ಲಿಸಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ, 2022ರಿಂದ ಇದೆ. ಮಕ್ಕಳ ಸಹಾಯವಾಣಿ 1098. ಇನ್ನೊಂದು, ಯಾವುದೇ ಚಟುವಟಿಕೆ ಶುರು ಮಾಡೋ ಮುಂಚೇನೇ ನಾನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿರ್ತೀನಿ, ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ, ಆದ್ರೆ ಯಾರಾದ್ರೂ ನಿಮ್ಮ ಮೈ ಮುಟ್ಟಿ ಹಿಂಸೆ ಕೊಡ್ತಿದ್ರೆ ಅಥವಾ ನಿಮ್ಮ ಜೀವಕ್ಕೆ ಅಪಾಯ ಅನ್ಸಿದ್ರೆ ಅದನ್ನ ನಾನು ಗುಟ್ಟಾಗಿ ಇಡೋಕಾಗಲ್ಲ ಅಂತ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೋಕ್ಸೋ ಕಾಯ್ದೆ 2012ರ ಪ್ರಕಾರ ಗೊತ್ತಾದ ಮೇಲೆ ದೂರು ಕೊಡ್ಲೇಬೇಕು. ಮೊದ್ಲೇ ಹೇಳಿದ್ರೆ ಮಕ್ಕಳು ಬಾಯಿ ಬಿಡಲ್ಲ ಅಂತಾರೆ ಕೆಲವರು. ನನ್ನ ಅನುಭವ ಉಲ್ಟಾ, ನಿಯಮ ಗೊತ್ತಿದ್ದಾಗ್ಲೇ ಅವರು ನಂಬೋದು.

ಉಳಿದ ಬಹುಪಾಲು ಮಕ್ಕಳಿಗೆ ಕಾಯಿಲೆ ಇಲ್ಲ, ಜಾಗ ಇಲ್ಲ. ಇನ್‌ಸ್ಟಾಗ್ರಾಮಲ್ಲಿ ಎರಡು ಅಕೌಂಟ್ ಇಟ್ಕೊಳ್ಳೋದು, ಒಂದು ಎಲ್ಲರಿಗೆ ಒಂದು ನಾಲ್ಕೇ ಜನಕ್ಕೆ, ಅದೂ ಆ ಜಾಗದ ಹುಡುಕಾಟನೇ ಅಂತ ನನಗೆ ಅನ್ಸತ್ತೆ, ಬೈಯೋಕೆ ಮನಸ್ಸು ಬರಲ್ಲ.

ಓದ್ತಿರೋ ಟೀಚರ್ ಯಾರಾದ್ರೂ ಇದನ್ನ ಮಾಡಿ ನೋಡ್ಬೇಕು ಅಂದ್ಕೊಂಡ್ರೆ, ಕೌನ್ಸೆಲಿಂಗ್ ಅಂತ ಹೆಸರಿಡ್ದೇನೇ ಶುರು ಮಾಡ್ಬಹುದು, ಆಟ ಅನ್ನಿ ಸಾಕು. ಪಿಟಿ ಪೀರಿಯಡ್ಡನ್ನ ಮಾತ್ರ ಕಿತ್ಕೋಬೇಡಿ, ಅದು ಮಕ್ಕಳದ್ದು. ಕರ್ಣ ಆದ್ಮೇಲೆ ಏಕಲವ್ಯ ತಗೊಳ್ಳಿ, ಹೆಬ್ಬೆಟ್ಟು ಕೊಡೋ ಮುಂಚೆ ಅವನು ದ್ರೋಣರ ಹತ್ರ ಏನೆಲ್ಲ ಕೇಳಬಹುದಿತ್ತು ಅಂತ ಮಕ್ಕಳ ಬಾಯಲ್ಲೇ ಕೇಳಿ, ನಿಮ್ಮ ಶಾಲೆ ಬಗ್ಗೆ ಇನ್‌ಸ್ಪೆಕ್ಷನ್‌ನಲ್ಲಿ ಗೊತ್ತಾಗದ ವಿಷಯ ಅಲ್ಲಿ ಗೊತ್ತಾಗತ್ತೆ. ಎಲ್ಲರ ಮನೆ ಕಥೆಯೂ ಮಹಾಭಾರತ ಅಲ್ಲ, ಹಾಗಾಗಿ ನಿಮ್ಮಜ್ಜಿ ಹೇಳಿದ ಕಥೆ ತನ್ನಿ ಅಂತಾನೂ ಹೇಳಿ, ಉರ್ದು ಮನೆಯ ಕಥೆ, ತಾಂಡಾದ ಕಥೆ, ನೇಪಾಳದ ಕಥೆ ಎಲ್ಲ ಬರ್ಲಿ. ಯಾವ ಭಾಷೇಲಿ ಮಾತಾಡಿದ್ರೂ ತಡೀಬೇಡಿ. ಪಾತ್ರ ಬೇಡ ಅನ್ನೋ ಮಗುಗೆ ಡೆಸ್ಕ್ ಬಾರಿಸೋ ಕೆಲ್ಸ ಕೊಡಿ, ಅದೂ ಬೇಡ ಅಂದ್ರೆ ಚೀಟಿ ಬರೆದು ಮಡಚೋ ಕೆಲ್ಸ ಕೊಡಿ, ಒಟ್ಟಿನಲ್ಲಿ ಆ ರೂಮಲ್ಲಿ ಯಾವ ಮಗುವೂ ಬರೀ ಪ್ರೇಕ್ಷಕ ಆಗಿ ಗೋಡೆಗೆ ಒರಗಿ ಕೂರೋ ಹಾಗೆ ಬಿಡ್ಬೇಡಿ.